ತಲಬಾಗಿಲಿನ ಸಾಗವಾನಿ

ನಮ್ಮ ತಾರಿಹಾಳದ ಮನಿ ತಲಬಾಗಿಲಕ್ಕ ಒರಲಿ ಹತ್ತೇತಿ ಅಂತ ಅದನ್ನ ಒಲಿಗೆ ಹಾಕಾಕ ಹೊಂಟಿದ್ವಿ. ಬಡಿಗ್ಯಾರು ಉಳಿಯಿಂದ ಕೆರೆದು ತೋರಿಸಿದ್ರು: ಒರಲಿ ತಿಂದದ್ದು ಅಂಚಿನ ಬಿಳಿ ಭಾಗ ಅಷ್ಟ, ಒಳಗಿನ ಕೆಂಚು ತಿರುಳು ಗಟ್ಟಿ ಐತಿ. ಸಾಗವಾನಿ ತಿರುಳಿನಾಗ ಎಣ್ಣಿ ಅಂಶ ಇರತೈತಿ, ಒರಲಿ ಸುಲಭಕ್ಕ ಮುಟ್ಟೂದಿಲ್ಲ. ಮಳಿ-ಬಿಸಲಿಗೂ ಬಾಗೂದು ಕಡಿಮಿ.

ಇಂಥಾ ಕಟಗಿ ನಮ್ಮ ಕಡೆ ಬರತಿದ್ದದ್ದು ದಾಂಡೇಲಿ, ಹಳಿಯಾಳ, ಯಲ್ಲಾಪುರದ ಅಡವಿಯಿಂದ. ಉತ್ತರ ಕನ್ನಡ 1862ರಾಗ ಮುಂಬೈ ಪ್ರಾಂತಕ್ಕ ಸೇರಿತು. ಸಾಗವಾನಿ ಬ್ರಿಟಿಷ್ ಸರ್ಕಾರದ ದೊಡ್ಡ ಆದಾಯ ಆತು. ಮುಂದ ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದ್ದೂ ಕಟಗಿ ಸಾಗಸಾಕ.

ಅಂಚು ಕತ್ತರಿಸಿ ಹೊಸಾ ಪಟ್ಟಿ ಕೂಡಿಸಿದ್ವಿ. ಅತ್ತಿಯವರು ಮತ್ತ ಹೊಸ್ತಿಲಾ ತೊಳದು ಅರಿಷಿಣ ಹಚ್ಚಿದ್ರು. ಅಕ್ಕಾರ, ಹಳೇ ಬಾಗಿಲಾ ಮಾರೂ ಮೊದಲ ಒಮ್ಮೆ ಕೆರಸಿ ನೋಡ್ರಿ.