ಸಹಿಯಿಲ್ಲದ ಕೈಗೆಲಸ

ಚರಿತ್ರೆಯ ಪುಸ್ತಕ ತೆರೆದರೆ ದೊರೆಗಳ ಹೆಸರು ಸಿಗುತ್ತದೆ, ಅವರು ಗೆದ್ದ ಊರುಗಳ ಹೆಸರು ಸಿಗುತ್ತದೆ, ಆನೆ ಕುದುರೆಗಳ ಲೆಕ್ಕವೂ ಸಿಗುತ್ತದೆ. ಆದರೆ ದಂಡು ಹೊರಟ ದಿನ ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದವರು ಯಾರು, ಆ ಬುತ್ತಿಗೆ ಚಟ್ನಿಪುಡಿ ಕುಟ್ಟಿದವರು ಯಾರು ಎಂದು ಕೇಳಿದರೆ ಪುಸ್ತಕ ಬಾಯಿ ಬಿಡುವುದಿಲ್ಲ. ಗುಡಿಯ ಕಂಬ ಕೆತ್ತಿದ ಶಿಲ್ಪಿ ಕೂಡ ಅಲ್ಲಲ್ಲಿ ತನ್ನ ಹೆಸರು ಕೊರೆದು ಹೋಗಿದ್ದಾನೆ. ಬೇಲೂರು, ಹಳೇಬೀಡುಗಳಲ್ಲಿ ಅಂಥ ಹೆಸರುಗಳನ್ನು ಇಂದಿಗೂ ಓದಬಹುದು. ಆದರೆ ಹಪ್ಪಳದ ಮೇಲೆ ಯಾರು ಹೆಸರು ಬರೆಯುತ್ತಾರೆ? ಬರೆದರೂ ಎಣ್ಣೆಗೆ ಬಿದ್ದ ಮೇಲೆ ಉಳಿದೀತೇ?

ನಮ್ಮ ಮನೆಗೆಲಸದ ಸೊಗಸೂ ಅದೇ, ಸಂಕಟವೂ ಅದೇ. ಅದು ಉಂಡು ಮುಗಿಯುವಂಥದ್ದು, ಉಟ್ಟು ಹರಿಯುವಂಥದ್ದು. ಹಾಗೆಂದು ಅದಕ್ಕೆ ಚರಿತ್ರೆಯೇ ಇಲ್ಲವೆಂದಲ್ಲ. ಹುಡುಕುವ ಜಾಗ ಮಾತ್ರ ಬೇರೆ.

ಅಡುಗೆಯ ಪುಸ್ತಕದ ಮಟ್ಟಿಗೆ ಕನ್ನಡದವರು ಬಡವರಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಇವನು ಬೇರೆ.) ಹೆಸರಿಗೆ ತಕ್ಕಂತೆ ಅದರಲ್ಲಿ ಲೋಕಕ್ಕೆ ಬೇಕಾದ ಎಲ್ಲವೂ ಇದೆ. ಬಾವಿ ತೋಡಲು ನೀರಿನ ಸೆಲೆ ಗುರುತಿಸುವುದು ಹೇಗೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಸುಗಂಧ ಕೂಡಿಸುವುದು ಹೇಗೆ ಎಂಬುದರ ಜೊತೆಗೇ ಅಡುಗೆಗೂ ಒಂದು ಅಧ್ಯಾಯ. ಮುಂದೆ 12ನೆಯ ಶತಮಾನದಲ್ಲಿ ಅದೇ ವಂಶದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದು, ಅದರಲ್ಲಿ ಅನ್ನಭೋಗವೆಂದೇ ಒಂದು ಭಾಗ ಇಟ್ಟ. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದುಬಿಟ್ಟ. ಹಿಟ್ಟಿನ ತಿನಿಸು, ಪಾನಕ, ಅನ್ನ, ಪಲ್ಯ ಎಲ್ಲವೂ ಪದ್ಯದಲ್ಲಿ. ಬದನೆಕಾಯಿಯ ಬಗ್ಗೆಯಂತೂ ಆತನಿಗೆ ಎಷ್ಟು ಹೇಳಿದರೂ ತೀರದು.

ಈ ಮೂವರೂ ಗಂಡಸರು. ಒಬ್ಬ ಆಸ್ಥಾನದವನು, ಒಬ್ಬ ದೊರೆ, ಒಬ್ಬ ಪಾಳೆಯಗಾರ ಮನೆತನದವನು. ಇವರಲ್ಲಿ ಯಾರಾದರೂ ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದರೋ ಇಲ್ಲವೋ, ನನಗಂತೂ ಅನುಮಾನ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬರೆದಿಟ್ಟರಲ್ಲ, ಅದೇ ಉಪಕಾರ. ಆದರೆ ಓದುವಾಗಲೆಲ್ಲ, ‘ಉದ್ದು ಎಷ್ಟು ಹೊತ್ತು ನೆನೆಯಬೇಕು’ ಎಂದು ಇವರಿಗೆ ಹೇಳಿಕೊಟ್ಟ ಕೈ ಯಾವುದು ಎಂದು ಮನಸ್ಸು ಕೇಳುತ್ತದೆ.

ಇಡ್ಲಿಯನ್ನೇ ತೆಗೆದುಕೊಳ್ಳಿ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಎಂಬ ಮಾತು ಬರುತ್ತದೆ. ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವೂ ಇದೆ: ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. ನಮ್ಮ ಇಡ್ಲಿ ತಿಂದವರಿಗೆ ಇದು ಅರ್ಧ ಗುರುತಾಗುತ್ತದೆ, ಅರ್ಧ ಆಗುವುದಿಲ್ಲ. ಅಲ್ಲಿ ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತಿಲ್ಲ, ಹಬೆಯ ಸುದ್ದಿಯೂ ಇಲ್ಲ. ಆ ಇಡ್ಡಲಿಗೆಗೂ ಈ ಇಡ್ಲಿಗೂ ನಡುವೆ ಸಾವಿರ ವರ್ಷ. ಅಷ್ಟರೊಳಗೆ ಯಾವಳೋ ಒಬ್ಬಳು ಒಂದು ಹಿಡಿ ಅಕ್ಕಿ ಸೇರಿಸಿ ನೋಡಿರಬೇಕು. ಇನ್ನೊಬ್ಬಳ ಹಿಟ್ಟು ಮರುದಿನಕ್ಕೆ ಉಳಿದು ಉಬ್ಬಿ ಬಂದಿರಬೇಕು. ‘ಅಯ್ಯೋ ಕೆಟ್ಟಿತು’ ಎನ್ನದೆ ಹಾಗೇ ಬೇಯಿಸಿದ್ದಾಳೆ. ಮನೆಮಂದಿ ಇನ್ನೆರಡು ಹಾಕು ಎಂದಿದ್ದಾರೆ. ಇದು ನನ್ನ ಊಹೆ, ದಾಖಲೆಯಲ್ಲ. ಆದರೆ ಅಡುಗೆಮನೆಯ ಶೋಧಗಳು ಇನ್ನು ಹೇಗೆ ಆಗುತ್ತವೆ ಹೇಳಿ?

ದಾಖಲೆಯೇ ಬೇಕೆನ್ನುವವರು ಒಮ್ಮೆ ತಿಥಿಯ ಅಡುಗೆಯ ಕಡೆ ನೋಡಬೇಕು. ನಮ್ಮಲ್ಲಿ ಹಳೆಯ ಪದ್ಧತಿ ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ಮುಟ್ಟುವುದಿಲ್ಲ, ಖಾರಕ್ಕೆ ಕಾಳುಮೆಣಸು. ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಎಲೆಕೋಸು ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಹುಣಿಸೆ, ಬೆಲ್ಲ, ಎಳ್ಳು ಇವುಗಳಲ್ಲೇ ಊಟ ಮುಗಿಯಬೇಕು. ಚಿಕ್ಕಂದಿನಲ್ಲಿ ನನಗೆ ಇದೊಂದು ಶಿಕ್ಷೆ ಅನ್ನಿಸುತ್ತಿತ್ತು. ‘ಯಾಕೆ ಹಾಕಬಾರದು?’ ಎಂದರೆ ಅಜ್ಜಿ, ‘ಹಿಂದಿನವರು ಹಾಕಿಲ್ಲ, ನಾವೂ ಹಾಕಲ್ಲ’ ಎನ್ನುತ್ತಿದ್ದಳು. ಅದು ಉತ್ತರವೇ ಅಲ್ಲ ಎಂದುಕೊಂಡಿದ್ದೆ. ಅದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿ ಈ ಕರಾವಳಿಗೆ ಬಂದದ್ದು ಪೋರ್ತುಗೀಸರ ಹಡಗಿನಲ್ಲಿ. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೂ ಹಿಂದಿನವರು ನಿಜವಾಗಿಯೂ ಹಾಕಿರಲಿಲ್ಲ! ಮಂಗರಸನ ಪುಸ್ತಕದಲ್ಲೂ ಮೆಣಸಿನಕಾಯಿ ಇಲ್ಲ.

ನಮ್ಮ ಮಾತಿನಲ್ಲೂ ಇದರ ಗುರುತಿದೆ. ಮೊದಲು ‘ಮೆಣಸು’ ಎಂದರೆ ಕರಿಯ ಕಾಳು ಒಂದೇ. ಹೊಸ ನೆಂಟ ಬಂದಾಗ ಅವನಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ‘ಮೆಣಸಿನಕಾಯಿ’ ಎಂದರು. ನೆಂಟನೇ ಯಜಮಾನನಾದ ಮೇಲೆ ಹಳೆಯ ಮೆಣಸು ತನ್ನ ಗುರುತಿಗೆ ‘ಕಾಳು’ ಎಂದೋ ‘ಕರಿ’ ಎಂದೋ ಸೇರಿಸಿಕೊಳ್ಳಬೇಕಾಯಿತು. ಇಂದು ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ನಮ್ಮ ಸಾರಿಗೆ ಬಣ್ಣವೇ ಬಾರದು. ಆದರೂ ವರ್ಷಕ್ಕೆ ಒಂದು ದಿನ ಅಡುಗೆಮನೆ ಐನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತದೆ. ಶಾಸ್ತ್ರ ಹೇಳಿದವರು ಯಾರೇ ಇರಲಿ, ಅದನ್ನು ಒಲೆಯ ಮುಂದೆ ನಿಂತು ತಪ್ಪದೆ ಕಾಪಾಡಿದವರು ಓದುಬರಹ ಬಾರದ ನಮ್ಮ ಅಜ್ಜಿ, ಮುತ್ತಜ್ಜಿಯರು.

ಹಾಗೆಯೇ ಸೂಜಿಯ ಕೆಲಸ. ನನ್ನ ಸೋದರತ್ತೆಯನ್ನು ಧಾರವಾಡದ ಕಡೆ ಕೊಟ್ಟಿದ್ದರು. ಅವರ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ ಒಂದು ಚಂದ್ರಕಾಳಿ ಸೀರೆ ಇತ್ತು. ಕಪ್ಪು ಒಡಲು, ಕೆಂಪು ಸೆರಗು, ಅದರ ಮೇಲೆ ಕಸೂತಿ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ, ನವಿಲು, ತೊಟ್ಟಿಲು, ಒಂದು ಸಂಸಾರಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೀರುವ ಹಾಗಿಲ್ಲ, ಅಚ್ಚು ಒತ್ತುವ ಹಾಗಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡೇ ಹಾಕಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ಸೀರೆಯ ಒಳಮೈ ಹೊರಮೈ ಒಂದೇ ಥರ ಕಾಣಬೇಕು, ಗಂಟು ಕಾಣಕೂಡದು. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಖಾಲಿ ಬಿಟ್ಟ ಜಾಗ ತುಂಬುತ್ತದೆ. ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ. ಶಾಲೆಯಲ್ಲಿ ಲೆಕ್ಕ ಕಲಿಯದವರು ಇಷ್ಟು ಲೆಕ್ಕ ಇಟ್ಟದ್ದು ಹೇಗೆ ಎಂದು ಗಣಿತದ ಮೇಷ್ಟ್ರು ಯೋಚಿಸಬೇಕು.

‘ಇದನ್ನ ಹಾಕಿದ್ದು ಯಾರತ್ತೆ?’ ಎಂದು ಕೇಳಿದ್ದೆ.

‘ನಮ್ಮತ್ತಿಯೋರ ಅತ್ತಿ ಹಾಕ್ಯಾರಂತವಾ.’

‘ಅವರ ಹೆಸರೇನು?’

ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ‘ಹೆಸರು ಯಾರು ಹಿಡಿದು ಕರೀತಿದ್ರು ತಂಗಿ? ದೊಡ್ಡಕ್ಕ ಅಂತಿದ್ರಂತ. ಹೆಸರು ತಗೊಂಡು ಏನ್ಮಾಡ್ತಿ? ಇಲ್ನೋಡು, ಈ ಆನಿ ಎಷ್ಟು ಛಂದ ನಡದದ.’

ಆನೆ ನಿಜವಾಗಿಯೂ ಚಂದವಾಗಿ ನಡೆದಿತ್ತು. ನಡೆಸಿದವಳು ಮಾತ್ರ ‘ದೊಡ್ಡಕ್ಕ’ನಾಗಿ ಉಳಿದಿದ್ದಳು. ಆ ಮಾತಿನಲ್ಲಿ ಅತ್ತೆಗೆ ದುಃಖವೇನೂ ಇರಲಿಲ್ಲ. ನನಗೆ ಮಾತ್ರ ಆ ಮಧ್ಯಾಹ್ನ ಊಟ ರುಚಿಸಲಿಲ್ಲ.

ಇಷ್ಟು ಹೇಳಿ, ‘ಹಳೆಯ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಟ್ಟರೆ ಅನ್ಯಾಯವಾದೀತು. ಆ ಕಾಲದ ಕೈಗಳಿಗೆ ಬಿಡುವಿರಲಿಲ್ಲ. ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಕೂರಬೇಕಿತ್ತು. ಒರಳು, ಒನಕೆ, ರುಬ್ಬುಗುಂಡುಗಳ ಜೊತೆ ಅರ್ಧ ಆಯುಷ್ಯ. ಆ ಬೇಸರ ಕಳೆಯಲು ಹಾಡಿದ ಹಾಡುಗಳನ್ನೇ ಹಲಸಂಗಿಯ ಗೆಳೆಯರು ಊರೂರು ಅಲೆದು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಕನ್ನಡಕ್ಕೆ ಅದು ದೊಡ್ಡ ಆಸ್ತಿ. ಆದರೆ ನೋಡಿ, ಅಲ್ಲಿಯೂ ಎಲ್ಲರೂ ‘ಗರತಿ’ ಎಂಬ ಒಂದೇ ಹೆಸರಿನಡಿ ಸೇರಿಹೋದರು. ಮುಂದೆ ಹಿಟ್ಟಿನ ಗಿರಣಿ ಬಂತು, ಮಿಕ್ಸಿ ಬಂತು. ಹಾಡು ಹೋಯಿತೆಂದು ಅಳುವವರು ಬೀಸಿ ನೋಡಿದವರಲ್ಲ. ನಮ್ಮ ಅಮ್ಮ ಗಿರಣಿಯಿಂದ ಬಿಸಿ ಹಿಟ್ಟಿನ ಡಬ್ಬಿ ತರುವಾಗ ಅವಳ ಮುಖದಲ್ಲಿದ್ದ ಕಳೆ ಯಾವ ಹಾಡಿಗೂ ಕಡಿಮೆಯಲ್ಲ.

ನನಗೆ ತೋಚುವುದು ಇಷ್ಟು: ಮಾಡಲೇಬೇಕು ಎಂಬ ನೊಗ ಇಳಿದ ಮೇಲೆಯೇ ಮಾಡುವುದರ ಸುಖ ನಮ್ಮ ಪಾಲಿಗೆ ಬಂದದ್ದು. ಬೇಸಿಗೆಯಲ್ಲಿ ನಾಲ್ಕು ಜನ ಸೇರಿ ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಸಂಡಿಗೆ ಇಡುವುದು, ಕಾಗೆ ಓಡಿಸುವ ನೆವದಲ್ಲಿ ಮಕ್ಕಳು ಅರ್ಧ ಒಣಗಿದ್ದನ್ನೇ ತಿಂದು ಮುಗಿಸುವುದು, ಮಲೆನಾಡಿನಲ್ಲಿ ಹಲಸಿನ ಹಪ್ಪಳ, ಉತ್ತರದ ಕಡೆ ಮಣೆಯ ಮೇಲೆ ಶಾವಿಗೆ ಹೊಸೆಯುವುದು ಇವೆಲ್ಲ ಇಂದಿಗೂ ಹಿತವಾಗಿವೆ. ಹಿತವೇಕೆಂದರೆ, ಈ ವರ್ಷ ಮಾಡದಿದ್ದರೆ ಯಾರೂ ಬೈಯುವುದಿಲ್ಲ. ಅಂಗಡಿಯಲ್ಲಿ ಸಿಗುತ್ತದೆ.

ಅಂಗಡಿಯ ಹಪ್ಪಳಕ್ಕೂ ಒಂದು ಕಥೆಯಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವಿನಲ್ಲಿ ಏಳು ಜನ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಒತ್ತಲು ಕುಳಿತರು. ಮೊದಲ ದಿನ ನಾಲ್ಕು ಪೊಟ್ಟಣ ಆಯಿತಂತೆ. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಇವರು ಹಪ್ಪಳ ಒತ್ತುವುದನ್ನು ಯಂತ್ರಕ್ಕೆ ಬಿಡಲಿಲ್ಲ. ಸದಸ್ಯೆಯರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಒತ್ತಿ, ಒಣಗಿಸಿ ತಂದು ಕೊಡುತ್ತಾರೆ. ಕೂಲಿ ಪಡೆಯುತ್ತಾರೆ, ಲಾಭದಲ್ಲೂ ಪಾಲು ಪಡೆಯುತ್ತಾರೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಹಪ್ಪಳ ಒತ್ತಿದ ಕೈಗೆ ದೇಶ ಹೆಸರು ಹಿಡಿದು ನಮಸ್ಕಾರ ಹೇಳಿತು ಎಂದು ಓದಿದಾಗ ನನಗೆ ಆದ ಸಂತೋಷ ಹೇಳತೀರದು.

ಕೈಗೆಲಸಕ್ಕೆ ಬೆಲೆ ಬರಬೇಕೆಂದು ಜೀವ ತೇದವರಲ್ಲಿ ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮರೆಯುವ ಹಾಗಿಲ್ಲ. 1903ರಲ್ಲಿ ಹುಟ್ಟಿದ ಅವರು, ಸ್ವಾತಂತ್ರ್ಯ ಬಂದ ಮೇಲೆ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಹಳ್ಳಿಹಳ್ಳಿ ತಿರುಗಿದರು. ಈಗ ಕಾನೂನೂ ಇದೆ. 1999ರಲ್ಲಿ ಆದ ಭೌಗೋಳಿಕ ಸೂಚಕಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಅದರಡಿ ಕಸೂತಿಗೆ, ಇಳಕಲ್ ಸೀರೆಗೆ, ಬ್ಯಾಡಗಿ ಮೆಣಸಿನಕಾಯಿಗೆ ಊರಿನ ಹೆಸರಿನ ಮುದ್ರೆ ಸಿಕ್ಕಿದೆ. ಒಳ್ಳೆಯದೇ. ಆದರೆ ಊರಿಗೆ ಹೆಸರು ಬಂದಷ್ಟು ಸುಲಭವಾಗಿ ಕೈಗೆ ಹೆಸರು ಬರುವುದಿಲ್ಲ. ಯಂತ್ರದಲ್ಲಿ ಹೊಲಿದ ಕಸೂತಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ತೂಗಿರುವಾಗ, ತಿಂಗಳುಗಟ್ಟಲೆ ಎಳೆ ಎಣಿಸಿದವಳ ಹತ್ತಿರ ನಾವೇ ಚೌಕಾಶಿ ಮಾಡುತ್ತೇವೆ. ‘ಮನೇಲಿ ಕೂತು ಮಾಡಿದ್ದು ತಾನೆ?’ ಎನ್ನುತ್ತೇವೆ. ನಾವೂ ಮನೆಯಲ್ಲಿ ಕೂತು ಮಾಡುವವರೇ. ಆ ಮಾತು ತಿರುಗಿ ನಮ್ಮ ಮೇಲೇ ಬೀಳುತ್ತದೆ ಎಂಬುದು ನೆನಪಿರಬೇಕು.

ನಮ್ಮ ಮಟ್ಟಿಗೆ ಮಾಡಬಹುದಾದ ಕೆಲಸ ಒಂದಿದೆ, ದೊಡ್ಡದೇನಲ್ಲ. ನೂರು ಹಾಳೆಯ ಒಂದು ನೋಟ್‌ಬುಕ್ ಸಾಕು. ನಾನು ಬರೆಯಲು ಶುರುಮಾಡಿದಾಗ ಮೊದಲು ಎದುರಾದದ್ದು ಅಳತೆಯ ತೊಡಕು. ಮೆಟ್ರಿಕ್ ತೂಕಗಳು 1958ರಿಂದ ದೇಶದಲ್ಲಿ ಬಂದವಾದರೂ ಅಮ್ಮನ ಡಬ್ಬಿಯಲ್ಲಿ ಇನ್ನೂ ಪಾವೇ ರಾಜ್ಯವಾಳುತ್ತಿತ್ತು. ಎರಡು ಪಾವು ಅಕ್ಕಿಗೆ ‘ಒಂದು ಹಿಡಿ’ ಮೆಂತ್ಯ, ಉಪ್ಪು ‘ಕಣ್ಣಂದಾಜು’. ಅವಳ ಹಿಡಿ ದೊಡ್ಡದೋ, ನನ್ನದೋ? ಅವಳನ್ನೇ ಕೂರಿಸಿಕೊಂಡು, ಅವಳು ಹಿಡಿದಿದ್ದನ್ನು ಚಮಚದಲ್ಲಿ ಅಳೆದು ಬರೆದೆ. ‘ಇದೇನು ಅಂಗಡಿ ಲೆಕ್ಕಾನೇ?’ ಎಂದು ನಕ್ಕಳು. ಆದರೆ ಮರುದಿನ ತಾನೇ ಕರೆದು, ‘ಬಾಳಕದ ಮೆಣಸಿನಕಾಯಿ ಬರ್ಕೊಂಡಿಲ್ಲ ನೀನು’ ಎಂದಳು.

ಈಗ ಆ ಪುಸ್ತಕದಲ್ಲಿ ಅಳತೆಗಿಂತ ಮೊದಲು ಹೆಸರು ಬರೆಯುತ್ತೇನೆ. ಯಾರಿಂದ ಕಲಿತದ್ದು, ಅವರ ಊರು ಯಾವುದು, ಅವರು ಯಾರಿಂದ ಕಲಿತರು ಎಂಬುದೂ ಅಲ್ಲೇ. ಕೆಲವು ಕಡೆ ಎರಡು ಹೆಸರು ಸಿಗುತ್ತದೆ, ಅಪರೂಪಕ್ಕೆ ಮೂರು. ಅಲ್ಲಿಂದಾಚೆ ಗೆರೆ ಎಳೆದು ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಕೇಳಬೇಕಾದವರು ಇನ್ನೂ ಇದ್ದರೆ, ಈ ಬೇಸಿಗೆಯಲ್ಲಿ ಸಂಡಿಗೆಗೆ ಹಿಟ್ಟು ಕಾಯಿಸುವಾಗಲೇ ಕೇಳಿಬಿಡಿ. ಕೈ ಮಗುಚುತ್ತಿರುವಾಗ ಬಾಯಿಗೆ ಬಿಡುವಿರುತ್ತದೆ.