ಕ್ಯಾಸನೂರಿನ ಕಾಡಿಗೆ ಬಂದ ಸಂಶೋಧಕರು

ವೈದ್ಯನಾದವನು ಮನುಷ್ಯರ ರೋಗವನ್ನೂ ಪಶುವೈದ್ಯನಾದವನು ದನಕರುಗಳ ರೋಗವನ್ನೂ ನೋಡಿಕೊಳ್ಳಬೇಕೆಂಬುದು ನಮ್ಮಲ್ಲಿ ಬೇರೂರಿರುವ ತಿಳಿವಳಿಕೆ. ಎರಡನೆಯವರನ್ನು 'ದನದ ಡಾಕ್ಟರು' ಎಂದು ಕರೆದು ಮರ್ಯಾದೆಯಲ್ಲಿ ಒಂದು ಮೆಟ್ಟಿಲು ಕೆಳಗಿರಿಸುವ ರೂಢಿಯೂ ಉಂಟು. ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಪಶುವೈದ್ಯಕೀಯ ಪದವಿ ಮುಗಿಸಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕದೆ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆಂದಾಗ ಮನೆಯ ಹಿರಿಯರಿಗೆ ಅದು ಸರಿಬೀಳಲಿಲ್ಲ. "ಗಾಜಿನ ಕೊಳವೆ ಹಿಡಿದು ಕೂರುವುದೂ ಒಂದು ಉದ್ಯೋಗವೇ?" ಎಂದು ಕೇಳಿದವರೂ ಇದ್ದರು. ಅವರಿಗೆ ಉತ್ತರವಾಗಿ ನಾನು ಹೇಳಿದ್ದು ನಮ್ಮ ಮಲೆನಾಡಿನ ಚರಿತ್ರೆಯನ್ನೇ. ಅದನ್ನು ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

1957ರ ಮಾರ್ಚ್ ತಿಂಗಳು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿದ್ದವು. ಅದೇ ಸಮಯದಲ್ಲಿ ಕಾಡಿನಂಚಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗುತ್ತಿದ್ದರು. ಕೆಲವರಿಗೆ ಮೂಗಿನಿಂದಲೂ ಒಸಡಿನಿಂದಲೂ ರಕ್ತ ಸುರಿಯುತ್ತಿತ್ತು. ಹಿಂದಿನ ವರ್ಷವೂ ಇಂಥದೇ ಜ್ವರ ಬಂದಿತ್ತಾದರೂ ಅದನ್ನು ವಿಷಮಶೀತ ಜ್ವರದ ಬಗೆಯೆಂದು ಭಾವಿಸಲಾಗಿತ್ತು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆಯೆಂದು ಹಳ್ಳಿಗರು ಊಹಿಸಿದರು. 'ಮಂಗನ ಕಾಯಿಲೆ' ಎಂಬ ಹೆಸರಿನಲ್ಲೇ ಆ ಊಹೆ ಅಡಗಿದೆ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ 1952ರಲ್ಲಿ ತೆರೆದ ಸಂಸ್ಥೆ ಅದು. 1978ರಿಂದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೆನಿಸಿದೆ. ಆಗ ಅದರ ನಿರ್ದೇಶಕರಾಗಿದ್ದವರು ಡಾ. ಟೆಲ್ಫೋರ್ಡ್ ವರ್ಕ್ ಎಂಬ ವೈದ್ಯರು. (ಮನೆತನದ ಹೆಸರೇ 'ಕೆಲಸ' ಎಂದಿದ್ದವರು ಸುಮ್ಮನೆ ಕೂರುವುದುಂಟೆ!) ಅವರ ಮೊದಲ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬರುವ ಮುನ್ನ ಮಂಗಗಳು ಸಾಯುವುದು ತಿಳಿದ ಸಂಗತಿ. ನಮ್ಮ ದೇಶದಲ್ಲಿ ಹಳದಿ ಜ್ವರವಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಊರೂರಿನಲ್ಲೂ ಇದೆ. ಅದೊಮ್ಮೆ ಒಳನುಗ್ಗಿದ್ದರೆ ಗತಿಯೇನು?

ಪ್ರಯೋಗಾಲಯದ ಎಳೆಯ ಇಲಿಮರಿಗಳಲ್ಲಿ ಪರೀಕ್ಷಿಸಿ ನೋಡಿದಾಗ ಮಂಗಗಳಲ್ಲಿಯೂ ರೋಗಿಗಳ ರಕ್ತದಲ್ಲಿಯೂ ಒಂದೇ ವೈರಾಣು ದೊರೆಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಾಣುವಿನ ಹತ್ತಿರದ ಬಂಧು. ಅಷ್ಟು ದೂರದಿಂದ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳೇ ತಂದವೋ ಎಂಬ ಗುಮಾನಿ ಎದ್ದು, ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯೊಂದು 1959ರಲ್ಲಿ ಆರಂಭವಾಯಿತು. ಗುಮಾನಿ ಸಾಬೀತಾಗಲಿಲ್ಲ; ನಮ್ಮ ಪಕ್ಷಿವಿಜ್ಞಾನಕ್ಕೆ ಮಾತ್ರ ಲಾಭವಾಯಿತು.

1957ರಲ್ಲಿ 466 ಮಂದಿಗೂ ಮರುವರ್ಷ 181 ಮಂದಿಗೂ ಈ ರೋಗ ತಗುಲಿದ ದಾಖಲೆಯಿದೆ. 1957ರಲ್ಲೇ ಪ್ರಕಟವಾದ, ರೋಗಲಕ್ಷಣಗಳನ್ನು ವಿವರಿಸುವ ಪ್ರಬಂಧದ ಲೇಖಕರ ಸಾಲಿನಲ್ಲಿ ವರ್ಕ್ ಮತ್ತು ಟ್ರಾಪಿಡೋ ಅವರ ಜೊತೆಗೆ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ ಎಂಬ ಹೆಸರುಗಳಿವೆ. ನಮ್ಮ ಚರಿತ್ರೆಯ ಪಾಠಗಳಲ್ಲಿ ಇಂಥ ಹೆಸರುಗಳಿಗೆ ಇಂದಿಗೂ ಸ್ಥಳ ದೊರೆತಿಲ್ಲವೆಂಬುದು ನನ್ನ ಕೊರಗು.

ಆ ಕಾಲದ ಸಂಶೋಧಕರ ವೃತ್ತಿಜೀವನ ನೇರವಾದ ಗೆರೆಯಲ್ಲಿ ಸಾಗಿದ್ದಲ್ಲ. ಹೆರಾಲ್ಡ್ ಟ್ರಾಪಿಡೋ ಮೊದಲು ಹಾವುಗಳ ವರ್ಗೀಕರಣದಲ್ಲಿ ಪಂಡಿತರು. ಅನಂತರ ಪನಾಮಾದಲ್ಲಿ ಸೊಳ್ಳೆಗಳ ಹಿಂದೆ ಬಿದ್ದರು, ಕೊನೆಗೆ ಸೊರಬದಲ್ಲಿ ಉಣ್ಣೆ ಹೆಕ್ಕಿದರು. ಇವರಿಗಿಂತಲೂ ನನ್ನ ಮನಸೆಳೆದವರು ಕೊಲಂಬಿಯಾ ದೇಶದ ವೈದ್ಯ ಹೋರ್ಹೆ ಬೋಶೆಲ್. ಅವರು ತಮ್ಮ ನಾಡಿನಲ್ಲಿ ಕಾಡಿನ ಹಳದಿ ಜ್ವರವನ್ನು ಅಭ್ಯಸಿಸುತ್ತಿದ್ದಾಗ ಮರಕಡಿಯುವವರು ಮರವೊಂದನ್ನು ಉರುಳಿಸಿದರಂತೆ. ಒಡನೆಯೇ ನೀಲಿಬಣ್ಣದ ಸೊಳ್ಳೆಗಳ ಹಿಂಡು ಸುತ್ತುವರಿಯಿತು. ನೆಲದ ಮೇಲೆ ಹುಡುಕಿದಾಗ ಸಿಗದಿದ್ದ ಸೊಳ್ಳೆ ಮರದ ನೆತ್ತಿಯಲ್ಲಿ ಮಂಗಗಳ ನಡುವೆ ವಾಸವಾಗಿತ್ತು; ಮರ ಬಿದ್ದಾಗ ಮನುಷ್ಯರನ್ನು ಕಚ್ಚುತ್ತಿತ್ತು. ಇಂಥ ಕಣ್ಣುಳ್ಳವರು 1960ರ ದಶಕದಲ್ಲಿ ನಮ್ಮ ಸಾಗರ–ಸೊರಬಗಳ ಕಾಡಿಗೆ ಬಂದರು. ಇಲ್ಲಿ ಮಾತ್ರ ಅವರು ಮೇಲೆ ನೋಡುವ ಬದಲು ಕೆಳಗೆ ನೋಡಬೇಕಾಯಿತು.

ಏಕೆಂದರೆ ಇಲ್ಲಿಯ ಅಪರಾಧಿ ನೆಲದ ದರಗಿನಲ್ಲಿತ್ತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಆ ಉಣ್ಣೆಯ ಶಾಸ್ತ್ರೀಯ ನಾಮ. ಅದರ ಮರಿಗಳು ಇಲಿ, ಹಕ್ಕಿ, ಮಂಗ ಮುಂತಾದವುಗಳ ರಕ್ತ ಕುಡಿಯುತ್ತವೆ. ಮಂಗ ಸತ್ತಾಗ ತಣ್ಣಗಾದ ಮೈಯನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಮುಂದಿನ ಹಂತದಲ್ಲಿ ಅಲ್ಲಿ ದರಗು ಗುಡಿಸುವವರ, ಸೌದೆ ಆರಿಸುವವರ ಕಾಲಿಗೆ ಹತ್ತುತ್ತವೆ. ಬೆಳೆದ ಉಣ್ಣೆಗೆ ಬೇಕಾದದ್ದು ದೊಡ್ಡ ಪ್ರಾಣಿ, ಎಂದರೆ ನಮ್ಮ ಕೊಟ್ಟಿಗೆಯ ದನ. ಬೋಶೆಲ್ ಅವರ ವಾದದ ತಿರುಳು ಇದೇ. ದನಕ್ಕೆ ಈ ಕಾಯಿಲೆ ಬಾಧಿಸದು, ಆದರೆ ದನದ ರಕ್ತದಿಂದಲೇ ಉಣ್ಣೆಯ ಸಂತತಿ ಬೆಳೆಯುತ್ತದೆ. ಜನ ಹೆಚ್ಚಿ ಕಾಡು ಕಡಿದು ಗದ್ದೆ ಮಾಡಿದರು, ಅಂಚಿನಲ್ಲಿ ಲಂಟಾನ ಬೆಳೆಯಿತು, ದನಗಳು ಅಲ್ಲಿ ಮೇಯತೊಡಗಿದವು. ಕಾಡಿನೊಳಗೆ ಸದ್ದಿಲ್ಲದೆ ಸುತ್ತುತ್ತಿದ್ದ ವೈರಾಣು ಊರಿಗೆ ಬಂದದ್ದು ಹೀಗೆ. ವೈದ್ಯರೊಬ್ಬರು ದನದ ಮೇವಿನ ದಾರಿಯನ್ನು ಅಳೆಯುತ್ತ ಹೋದದ್ದರಿಂದ ಮನುಷ್ಯರ ರೋಗದ ಮೂಲ ತಿಳಿಯಿತು.

ಸಾಗರದ ಕ್ಷೇತ್ರಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಕೀಟಶಾಸ್ತ್ರಜ್ಞ ಪಿ.ಕೆ. ರಾಜಗೋಪಾಲನ್ ಒಬ್ಬರು. ಬಿಳಿಬಟ್ಟೆಯನ್ನು ಪೊದೆ-ದರಗುಗಳ ಮೇಲೆ ಎಳೆಯುತ್ತ ಸಾಗಿ, ಅದಕ್ಕೆ ಹತ್ತಿದ ಉಣ್ಣೆಗಳನ್ನು ಎಣಿಸುವುದು ಅಲ್ಲಿಯ ನಿತ್ಯದ ಕೆಲಸ. ಕೇಳಲು ಮಕ್ಕಳಾಟದಂತಿದೆ. ಆದರೆ ಎಣಿಸುವವರ ಮೈಗೂ ಉಣ್ಣೆ ಹತ್ತುತ್ತಿತ್ತು. ಕಾಡಿನಲ್ಲಿಯೂ ಪ್ರಯೋಗಾಲಯದಲ್ಲಿಯೂ ಈ ವೈರಾಣುವಿನೊಡನೆ ದುಡಿದ ಹಲವರು ಇದೇ ಜ್ವರದಿಂದ ಮಲಗಿದ್ದುಂಟು. ರಾಜಗೋಪಾಲನ್ ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿ ಪದ್ಮಶ್ರೀ ಪುರಸ್ಕೃತರಾದರು. ಇದೇ ರೋಗವನ್ನು ಅಭ್ಯಸಿಸಿದ ಡಾ. ಖೋರ್ಶೆದ್ ಪಾವ್ರಿ ಪುಣೆಯ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕರಾದರು. ಹೆಣ್ಣುಮಗುವಿಗೆ ಇದೆಲ್ಲ ಏಕೆ ಎನ್ನುವವರು ಈ ಹೆಸರನ್ನು ಗುರುತಿಟ್ಟುಕೊಳ್ಳಲಿ.

ಲಸಿಕೆಯ ಕಥೆ ಇಷ್ಟು ಸಂತೋಷದ್ದಲ್ಲ. ಆರಂಭದಲ್ಲಿ ರಷ್ಯದ ರೋಗಕ್ಕೆಂದು ತಯಾರಾದ ಲಸಿಕೆಯನ್ನೇ ಹಾಕಿ ನೋಡಿದರು, ಫಲ ಸಿಗಲಿಲ್ಲ. ಬಳಿಕ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ನಮ್ಮದೇ ಲಸಿಕೆ ಮಾಡಿದರು. 1990–92ರ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಚುಚ್ಚುಮದ್ದು ಪಡೆದವರಿಗೆ ನೂರಕ್ಕೆ 93ರಷ್ಟು ರಕ್ಷಣೆ ದೊರೆತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 62ಕ್ಕೆ ಇಳಿದಿತ್ತು. ಈ ಲಸಿಕೆಯ ತಯಾರಿಕೆ ಮುಂದೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಬಂದಿತು. ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲೆಂದು ಮೈಸೂರು ಸಂಸ್ಥಾನ 1920ರ ದಶಕದಲ್ಲಿ ತೆರೆದ ಸೀರಂ ಇನ್‌ಸ್ಟಿಟ್ಯೂಟಿನ ಮುಂದುವರಿಕೆಯೇ ಅದು. ಮಲೆನಾಡಿನ ಜನ ತೋಳಿಗೆ ಚುಚ್ಚಿಸಿಕೊಂಡ ಮದ್ದು ದನದ ಡಾಕ್ಟರುಗಳ ಕೈಯಿಂದ ಬಂದದ್ದು ಎಷ್ಟು ಮಂದಿಗೆ ಗೊತ್ತು?

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಉಲ್ಬಣಿಸಿ ಸಾವುನೋವುಗಳಾದವು. 2022ರಲ್ಲಿ, ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆಯೇ ನಿಂತಿತು. ಇಷ್ಟರಲ್ಲಿ ರೋಗ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿಕೊಂಡಿತ್ತು. ರೋಗ ಹಬ್ಬಿದ ವರ್ಷ ಎಲ್ಲರೂ ಓಡಿಬರುತ್ತಾರೆ, ಜ್ವರ ಇಳಿದೊಡನೆ ಮರೆಯುತ್ತಾರೆ. ಹಿಂದಿನವರಂತೆ ವರ್ಷವಿಡೀ ಕಾಡಿನಲ್ಲಿದ್ದು ಉಣ್ಣೆ ಎಣಿಸುವವರು ಸಾಲದೇ ಹೋದರು ಎಂಬುದು ನನ್ನ ಅಭಿಪ್ರಾಯ.

ಇಂದಿಗೂ ಸತ್ತ ಮಂಗದ ಶವಪರೀಕ್ಷೆ ಪಶುವೈದ್ಯರದೇ ಕೆಲಸ. ಅನಂತರ ಕಳೇಬರವನ್ನು ಸುಟ್ಟು, ಸುತ್ತಲಿನ 50 ಮೀಟರ್ ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಊರಿನಲ್ಲಿಯೇ ಇರುವ ನನ್ನ ಶಿಷ್ಯರು ಡಿಸೆಂಬರಿನಿಂದ ಮೇ ತನಕ ಸೊಪ್ಪಿನಬೆಟ್ಟಕ್ಕೆ ಹೋಗುವಾಗ ಕೈಕಾಲಿಗೆ ಉಣ್ಣೆ ನಿರೋಧಕ ತೈಲ ಸವರಿಕೊಳ್ಳಿ. ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿರಿ.