ಲಿನಕ್ಸ್ ಸೆಟ್ಟಿಂಗ್ಸ್: ಕಡತದಿಂದ ಕಿಟಕಿಗೆ, ಅಲ್ಲಿಂದ ಮುಂದಕ್ಕೆ

1990ರ ದಶಕದ ಮಧ್ಯದಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಪರದೆಯ ಮೇಲೆ ಚಿತ್ರ ಮೂಡಿಸುವುದೇ ಮೊದಲ ಅಗ್ನಿಪರೀಕ್ಷೆ. ಎಕ್ಸ್‌ಎಫ್86ಕಾನ್ಫಿಗ್ ಎಂಬ ಪ್ರೋಗ್ರಾಮ್ ಒಂದೊಂದಾಗಿ ಕೇಳುತ್ತಿತ್ತು: ಮೌಸ್ ಯಾವ ಬಗೆಯದು, ವಿಡಿಯೊ ಕಾರ್ಡಿನ ಮೆಮೊರಿ ಎಷ್ಟು, ಮಾನಿಟರಿನ ಸಿಂಕ್ ಎಷ್ಟು ಕಿಲೋಹರ್ಟ್ಸ್‌ನಿಂದ ಎಷ್ಟರವರೆಗೆ. ಕೊಟ್ಟ ಉತ್ತರಗಳನ್ನು ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಸಿಂಕಿನ ಅಂಕಿ ಇರುತ್ತಿದ್ದದ್ದು ಮಾನಿಟರಿನ ಕೈಪಿಡಿಯಲ್ಲಿ; ಕೈಪಿಡಿಯನ್ನು ಜೋಪಾನ ಮಾಡಿದವರು ಯಾರು? ಅಂದಾಜಿನ ಅಂಕಿ ಕೊಟ್ಟರೆ ಮಾನಿಟರೇ ಕೆಟ್ಟೀತು ಎಂಬ ಎಚ್ಚರಿಕೆ ಬೇರೆ.

ಈ ಕಷ್ಟಕ್ಕೆ ಮೊದಲು ಹೊಳೆದ ಮದ್ದು, ಕಡತಗಳ ಮೇಲೊಂದು ಕಿಟಕಿ ಹೊದಿಸುವುದು. ಸೂಸೆಯ ಯಾಸ್ಟ್, ರೆಡ್‌ ಹ್ಯಾಟ್ ಬಳಸಿದ ಲಿನಕ್ಸ್‌ಕಾನ್ಫ್, ಮ್ಯಾಂಡ್ರೇಕ್‌ನ ಕಂಟ್ರೋಲ್ ಸೆಂಟರ್ ಎಲ್ಲವೂ ಈ ಬಗೆಯವೇ. ಟೈಪಿಂಗ್ ತಪ್ಪಿತು, ನಿಜ. ಆದರೆ ಗೇಟ್‌ವೇ ಎಂದರೇನೆಂದು ಗೊತ್ತಿಲ್ಲದವರಿಗೆ ಖಾಲಿ ಸಾಲಾದರೇನು, ಖಾಲಿ ಪೆಟ್ಟಿಗೆಯಾದರೇನು? ಮೇಲಾಗಿ, ಕೈಯಾರೆ ತಿದ್ದಿದ ಕಡತವನ್ನು ಇಂಥ ಸಾಧನಗಳು ಅಳಿಸಿ ಬರೆದುಬಿಡುತ್ತವೆ ಎಂಬ ದೂರು ಹಳಬರದು.

ಹೊಸಬರನ್ನೇ ಕಣ್ಣಮುಂದೆ ಇಟ್ಟುಕೊಂಡ ಯತ್ನ ಶುರುವಾದದ್ದು 1996ರಲ್ಲಿ, ಮಥಿಯಾಸ್ ಎಟ್ರಿಚ್ ಕೆಡಿಇ ಡೆಸ್ಕ್‌ಟಾಪ್ ಯೋಜನೆಯನ್ನು ಘೋಷಿಸಿದಾಗ. ಮರುವರ್ಷ ಇನ್ನೊಂದು ಡೆಸ್ಕ್‌ಟಾಪ್, ಗ್ನೋಮ್, ಬಂತು. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಗ್ನೋಮನ್ನು ಸಾಮಾನ್ಯ ಬಳಕೆದಾರರ ಕೈಗೆ ಕೊಟ್ಟು, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ಗಮನಿಸಿತು. 2002ರ ಗ್ನೋಮ್ 2 ಹತ್ತಾರು ಆಯ್ಕೆಗಳಿಗೆ ಕತ್ತರಿ ಹಾಕಿತು. ಪ್ರತಿ ಆಯ್ಕೆಗೂ ಒಂದು ಬೆಲೆಯಿದೆ, ಅದನ್ನು ಪರೀಕ್ಷಿಸಬೇಕು, ಕಾಪಾಡಿಕೊಳ್ಳಬೇಕು ಎಂಬುದು ಗ್ನೋಮ್ ಡೆವಲಪರ್ ಹ್ಯಾವಕ್ ಪೆನ್ನಿಂಗ್ಟನ್ ಅವರ ವಾದ. ಈ ಕತ್ತರಿಗೆ ರೇಗಿದ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಕೆಡಿಇ ಬಳಸಿ ಎಂದು ಬಹಿರಂಗವಾಗಿಯೇ ಹೇಳಿದರು. ನನ್ನ ಮಟ್ಟಿಗೆ ಪೆನ್ನಿಂಗ್ಟನ್ ಹೇಳಿದ್ದು ಸರಿ, ಗ್ನೋಮ್ ಕತ್ತರಿಸಿದ್ದು ತುಸು ಅತಿ. ತೆಗೆದುಹಾಕಿದ್ದನ್ನು ಮರಳಿ ಪಡೆಯಲು ಮುಂದೆ ಟ್ವೀಕ್ಸ್ ಎಂಬ ಬೇರೆಯೇ ಆ್ಯಪ್ ಹುಟ್ಟಿಕೊಂಡದ್ದು ಸಾಕ್ಷಿ.

ಈ ಜಗಳದ ಗದ್ದಲದಲ್ಲಿ ಹೆಚ್ಚು ಫಲ ಕೊಟ್ಟ ಕೆಲಸ ಕಿಟಕಿಗಳ ಹಿಂದೆ ನಡೆಯುತ್ತಿತ್ತು. ಸಿಡಿಯಿಂದಲೇ ಓಡುತ್ತಿದ್ದ ಕ್ಲೌಸ್ ಕ್ನಾಪರ್ ಅವರ ಕ್ನಾಪಿಕ್ಸ್, ಯಾವ ಪ್ರಶ್ನೆಯನ್ನೂ ಕೇಳದೆ ಯಂತ್ರಾಂಶವನ್ನು ತಾನೇ ಗುರುತಿಸಿ ಬೆರಗು ಹುಟ್ಟಿಸಿತು. ಆಮೇಲೆ ಯೂಡೆವ್, ಹಾಲ್, ಡಿ-ಬಸ್ ಬಂದವು: ಪೆನ್‌ಡ್ರೈವ್ ಚುಚ್ಚಿದ ಸುದ್ದಿ ಕರ್ನಲ್‌ನಿಂದ ಡೆಸ್ಕ್‌ಟಾಪ್‌ವರೆಗೆ ತಲುಪಲು ದಾರಿಯಾಯಿತು. ರೆಡ್ ಹ್ಯಾಟ್ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್ ವೈಫೈಯನ್ನು ಒಂದು ಪಟ್ಟಿ, ಒಂದು ಪಾಸ್‌ವರ್ಡ್‌ಗೆ ಇಳಿಸಿತು. ಅದಕ್ಕೆ ಮುಂಚೆ ನೆಟ್‌ವರ್ಕಿನ ಹೆಸರು, ಗುಪ್ತಲಿಪಿಯ ಬಗೆ, ಕೀಲಿ ಇವನ್ನೆಲ್ಲ ಕಡತದಲ್ಲಿ ಬರೆದು, ಆಜ್ಞೆ ಕೊಟ್ಟು, ಐಪಿ ವಿಳಾಸ ಬರುವುದನ್ನು ಕಾಯಬೇಕಿತ್ತು. ಮಾನಿಟರಿನ ಕಥೆಯೂ ಹೀಗೇ ಮುಗಿಯಿತು. ಮಾನಿಟರ್ ತನ್ನ ವಿವರವನ್ನು ಕೇಬಲ್ಲಿನಲ್ಲೇ ಹೇಳಿಕೊಳ್ಳುತ್ತಿತ್ತು, ಪರದೆಯ ಚಿತ್ರ ನೋಡಿಕೊಳ್ಳುವ ಎಕ್ಸ್.ಆರ್ಗ್ ಅದನ್ನು ಓದಿ ತಾನೇ ಹೊಂದಿಕೊಳ್ಳಲು ಕಲಿತ ಮೇಲೆ, 2000ದ ದಶಕ ಕಳೆಯುವ ಹೊತ್ತಿಗೆ ಮಾನಿಟರಿನ ಆ ಕಡತವೇ ಹೆಚ್ಚಿನವರಿಗೆ ಬೇಡವಾಯಿತು. ಪ್ರಾಜೆಕ್ಟರ್‌ಗೆ ಲ್ಯಾಪ್‌ಟಾಪ್ ಜೋಡಿಸುವುದು ಧೈರ್ಯದ ಕೆಲಸವಾಗಿ ಉಳಿಯಲಿಲ್ಲ.

2004ರಲ್ಲಿ ಬಂದ ಉಬುಂಟು ಇವನ್ನೆಲ್ಲ ಒಟ್ಟುಗೂಡಿಸಿತು. 2009ರಲ್ಲಿ ಸಣ್ಣಪುಟ್ಟ ನೂರು ಕಿರಿಕಿರಿಗಳನ್ನು ಪಟ್ಟಿಮಾಡಿ ಸರಿಪಡಿಸಲು ಹೊರಟಿತು. ಅತ್ತ ಯಾಸ್ಟ್‌ನ ಸರದಿ ಮುಗಿಯುತ್ತಿದೆ: 2025ರ ಓಪನ್‌ಸೂಸೆ ಲೀಪ್ 16 ಅದನ್ನು ಕೈಬಿಟ್ಟಿತು.

ಇಷ್ಟಾದರೂ ಯಂತ್ರ ತಾನೇ ಊಹಿಸಲಾಗದ್ದು ಮನುಷ್ಯರ ರೂಢಿಯನ್ನು. ಕನ್ನಡ ಟೈಪಿಂಗನ್ನೇ ನೋಡಿ. 2012ರ ಗ್ನೋಮ್ 3.6 ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯನ್ನು ಒಳಗೇ ಸೇರಿಸಿಕೊಂಡ ಮೇಲೆ ಕೀಲಿಮಣೆ ಬದಲಿಸಲು ಪರಿಸರ ಚರಾಂಕಗಳನ್ನು ಬರೆಯುವ ಗೋಳು ತಪ್ಪಿತು. ಆದರೂ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿದರೆ ಬರಿಯ ‘ಕನ್ನಡ’, ‘ಕಗಪ’ ಎಂಬ ಕೀಲಿಮಣೆ ವಿನ್ಯಾಸಗಳು ಕಾಣುತ್ತವೆ. ಎಂ17ಎನ್ ಎಂಬ ಹೆಚ್ಚುವರಿ ಪ್ಯಾಕೇಜ್ ಇದ್ದರೆ ‘ಐಟ್ರಾನ್ಸ್’ನಂಥವೂ ಸೇರುತ್ತವೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದವರಿಗೆ ಬೇಕಾದದ್ದು ಕಗಪ. ಅದನ್ನು ಆ ಪಟ್ಟಿ ಹೇಳುವುದಿಲ್ಲ, ಒತ್ತಿ ನೋಡಿಯೇ ತಿಳಿಯಬೇಕು.